ಬಾಕು: ಕುಲುಮೆಯಿಂದ ಒರೆಯವರೆಗೆ

ಎರಡೂ ಅಂಚು ಹರಿತವಾಗಿದ್ದು, ನಡುವೆ ಏಣು ಹಾಗೂ ಚೂಪಾದ ತುದಿ ಇರುವ ಗಿಡ್ಡ ಆಯುಧವನ್ನು ಬಾಕು ಎನ್ನುತ್ತಾರೆ. ಹಳೆಯ ಕನ್ನಡದಲ್ಲಿ ಇದಕ್ಕೆ ಸುರಗಿ ಎಂಬ ಹೆಸರೂ ಇದೆ. ಹಿಡಿ ಅಡ್ಡಲಾಗಿದ್ದು, ಮುಷ್ಟಿಯಿಂದ ನೇರವಾಗಿ ತಿವಿಯುವಂಥದ್ದು ಕಠಾರಿ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಸೀಮೆಯಲ್ಲಿ ಇಂದು ಕಂಬಾರರ ಮುಖ್ಯ ದುಡಿಮೆ ಕುಡುಗೋಲು, ಕುರ್ಪಿ, ಕೊಡಲಿ ಮತ್ತು ಕಬ್ಬು ಕಡಿಯುವ ಕೊಯ್ತಾ. ಆದರೆ ಉಪಕರಣಕ್ಕೂ ಆಯುಧಕ್ಕೂ ಬೇಕಾದ ಕುಲುಮೆ ಒಂದೇ, ಸುತ್ತಿಗೆಯೂ ಒಂದೇ. ಇವೆರಡರ ನಡುವೆ ಗೆರೆ ಎಳೆದದ್ದು ಕಾನೂನು. ಆ ಗೆರೆಗಾಗಿ ಈ ಸೀಮೆ ರಕ್ತ ಸುರಿಸಿದೆ.

ಬಡಿತ

ಬಾಕುವಿಗೆ ಮೆತು ಕಬ್ಬಿಣ ಸಲ್ಲದು, ಉಕ್ಕೇ ಆಗಬೇಕು. ಇಂದಿನ ಕುಲುಮೆಗಳಲ್ಲಿ ಸುಲಭವಾಗಿ ದೊರೆಯುವುದು ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿ. ಅದರಲ್ಲಿ ಸಾಮಾನ್ಯವಾಗಿ ಶೇ. 0.6ರಷ್ಟು ಇಂಗಾಲವಿರುವುದರಿಂದ ಹರಿತ ನಿಲ್ಲುತ್ತದೆ. ಪಟ್ಟಿಯನ್ನು ಕಾಯಿಸಿ, ಮೊದಲು ತುದಿ, ಬಳಿಕ ಹಿಡಿಯೊಳಗೆ ಸೇರುವ ಬಾಲ, ಕೊನೆಗೆ ಎರಡೂ ಮಗ್ಗಲುಗಳನ್ನು ಬಡಿದು ರೂಪಿಸಲಾಗುತ್ತದೆ. ಕುಡುಗೋಲಿಗೆ ಒಂದೇ ಬಾಯಿ, ಬಾಕುವಿಗೆ ಎರಡು. ಒಂದು ಮಗ್ಗಲಿಗೆ ಹೆಚ್ಚು ಪೆಟ್ಟು ಬಿದ್ದರೆ ಅಲಗು ಇನ್ನೊಂದು ಕಡೆಗೆ ಬಾಗುತ್ತದೆ. ಆದ್ದರಿಂದ ಎರಡೂ ಕಡೆ ಸಮನಾಗಿ ಬಡಿಯುತ್ತ, ಏಣು ನಟ್ಟನಡುವೆ ನಿಲ್ಲುವಂತೆ ಅರದಿಂದ ಉಜ್ಜಬೇಕು.

ಹದ

ಅತ್ಯಂತ ಸೂಕ್ಷ್ಮವಾದ ಘಟ್ಟವಿದು. ಅಲಗನ್ನು ಸುಮಾರು 800ರಿಂದ 850 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಅಯಸ್ಕಾಂತಕ್ಕೆ ಅಲಗು ಅಂಟದಿದ್ದರೆ ಕಾವು ಅದರ ಸಮೀಪಕ್ಕೆ ಬಂದಿದೆ ಎಂದರ್ಥ. ತುದಿ ಮೊದಲಾಗಿ ನೇರವಾಗಿ ಅದ್ದದಿದ್ದರೆ ಅಲಗು ಸೊಟ್ಟಗಾಗುತ್ತದೆ. ಇಂಥ ಉಕ್ಕನ್ನು ತಣ್ಣೀರಿನಲ್ಲಿ ಅದ್ದಿದರೆ ಬಿರುಕು ಬಿಡುವ ಅಪಾಯವುಂಟು. ಹೀಗೆ ಗಡುಸಾದ ಉಕ್ಕು ಗಾಜಿನಂತೆ ಪೆಡಸು. ಅದನ್ನು ಮತ್ತೆ 200ರಿಂದ 250 ಡಿಗ್ರಿಯವರೆಗೆ ಮೆಲ್ಲಗೆ ಕಾಯಿಸಿದಾಗ, ಉಜ್ಜಿದ ಮೈಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ. ಆಗ ಹರಿತವೂ ಉಳಿಯುತ್ತದೆ, ಮುರಿಯುವ ಭಯವೂ ತಗ್ಗುತ್ತದೆ.

ಹಿಡಿ ಮತ್ತು ಒರೆ

ಹದವಾದ ಅಲಗನ್ನು ಸಾಣೆಗೆ ಹಿಡಿದು, ಒರಟು ಕಲ್ಲಿನಿಂದ ನುಣುಪು ಕಲ್ಲಿನವರೆಗೆ ಹಂತಹಂತವಾಗಿ ಮೆರುಗು ಕೊಡಲಾಗುತ್ತದೆ. ಈ ವೇಳೆ ಅಲಗು ಬಿಸಿಯಾದರೆ ಹದ ಇಳಿಯುವುದರಿಂದ ಆಗಾಗ ನೀರು ತೋರಿಸಬೇಕು. ಹಿಡಿ ಮಾಡಿಸುವವನ ಅಂಗೈ ಅಳತೆಗೆ ತಕ್ಕಂತಿರಬೇಕು. ಭಾರತದ ಹಳೆಯ ಆಯುಧಗಳಲ್ಲಿ ಬಾಲವನ್ನು ಹಿಡಿಯೊಳಗೆ ಕರಗಿಸಿದ ಅರಗಿನಿಂದ ಕೂರಿಸುತ್ತಿದ್ದರು. ಈಗ ರಿವೆಟ್ ಮತ್ತು ರಾಸಾಯನಿಕ ಅಂಟು ಬಳಕೆಯಲ್ಲಿವೆ. ಒರೆಗೆ ಎರಡು ತೆಳು ಹಲಗೆಗಳನ್ನು ಕೊರೆದು ಜೋಡಿಸಿ, ಮೇಲೆ ತೊಗಲು ಇಲ್ಲವೆ ಮಖಮಲ್ಲು ಹೊದಿಸುವುದು ವಾಡಿಕೆ. ಹೀಗೆ ಒಂದು ಬಾಕುವಿಗೆ ಕಂಬಾರ, ಬಡಿಗ, ಸಮಗಾರ ಮೂವರ ಕಸುಬೂ ಸೇರುತ್ತದೆ.

ಹಲಗಲಿಯ ಪಾಠ

1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು, ಜನರ ಬಳಿಯಿದ್ದ ಆಯುಧಗಳನ್ನು ಒಪ್ಪಿಸುವಂತೆ ಆಜ್ಞಾಪಿಸಿದರು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಇದನ್ನು ಧಿಕ್ಕರಿಸಿದರು. ಬೇಟೆಯೇ ಬದುಕಾದವರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಅದೇ ವರ್ಷ ನವೆಂಬರ್ ಕೊನೆಯಲ್ಲಿ ಸೈನ್ಯ ಊರಿನ ಮೇಲೆರಗಿತು. ಡಿಸೆಂಬರ್‌ನಲ್ಲಿ ಮುಂದಾಳುಗಳನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಇವರ ಹೆಸರುಗಳು ಲಾವಣಿಯಲ್ಲಿ ಉಳಿದಿವೆ. ಆ ಲಾವಣಿ ಶಾಲಾ ಪಠ್ಯದಲ್ಲೂ ಸ್ಥಾನ ಪಡೆದಿದೆ.

ಕೊಡಗಿನಲ್ಲಿ ಮಾತ್ರ ಪರಿಸ್ಥಿತಿ ಭಿನ್ನ. ಅಲ್ಲಿ ಪೀಚೆಕತ್ತಿ ಸಾಂಪ್ರದಾಯಿಕ ಉಡುಪಿನ ಅಂಗವಾಗಿಯೇ ಮುಂದುವರಿದಿರುವುದರಿಂದ, ಅದನ್ನು ಮಾಡಿಸುವವರು ಇಂದಿಗೂ ಇದ್ದಾರೆ.

ಇಂದಿನ ಕಾನೂನು

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪಿಸಲಾದ ನಿಯಮಗಳು, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಳ್ಳ ಬಾಕು, ಕತ್ತಿ ಮುಂತಾದವನ್ನು ಶಸ್ತ್ರಗಳ ಸಾಲಿಗೆ ಸೇರಿಸಿವೆ. ಮನೆಬಳಕೆ ಹಾಗೂ ಕೃಷಿಗಾಗಿ ಮಾಡಿದ ಉಪಕರಣಗಳಿಗೆ ಇದು ಅನ್ವಯಿಸದು. ಆದ್ದರಿಂದ ಉದ್ದನೆಯ ಕೊಯ್ತಾ ಗದ್ದೆಯಲ್ಲಿ ಉಪಕರಣ. ಅದೇ ಉದ್ದದ ಬಾಕು ಶಸ್ತ್ರ. ಬಾಕು ಮಾಡಿಸಬಯಸುವವರು ಅಳತೆ ಹಾಗೂ ಪರವಾನಿಗೆಯ ಬಗ್ಗೆ ಮೊದಲೇ ಜಿಲ್ಲಾಡಳಿತದಲ್ಲಿ ವಿಚಾರಿಸುವುದು ಕ್ಷೇಮ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಕಂಬಾರಿಕೆಯ ಜೊತೆಗೆ ಆಯುಧ ತಯಾರಿಕೆಯೂ ಪ್ರತ್ಯೇಕವಾಗಿ ಸೇರಿರುವುದು ಗಮನಾರ್ಹ. ಒಂದು ಕಾಲಕ್ಕೆ ಕಸಿದುಕೊಳ್ಳಬೇಕಾದ ವಸ್ತುವಾಗಿದ್ದ ಆಯುಧ, ಈಗ ಉಳಿಸಿಕೊಳ್ಳಬೇಕಾದ ಕಸುಬಾಗಿ ಸರ್ಕಾರದ ಕಡತ ಸೇರಿದೆ.