ಕರ್ನಾಟಕದ ದ್ರಾಕ್ಷಿ ಸೀಮೆಗಳು: ಹೆಸರು ವೈನಿಗೆ, ಆಸರೆ ಒಣದ್ರಾಕ್ಷಿಗೆ

ದ್ರಾಕ್ಷಿ ಉತ್ಪಾದನೆಯಲ್ಲಿ ದೇಶದಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು. ಬೆಂಗಳೂರು ಸುತ್ತಲಿನ ಕೆಂಪು ಮಣ್ಣಿನಿಂದ ಕೃಷ್ಣಾ ತೀರದ ಬಿಸಿಲು ಬಯಲಿನವರೆಗೆ ಹಬ್ಬಿರುವ ಈ ಬೆಳೆಯ ತಳಿ, ಕೊಯ್ಲಿನ ಕಾಲ ಹಾಗೂ ಮಾರುಕಟ್ಟೆ ಸೀಮೆಯಿಂದ ಸೀಮೆಗೆ ಭಿನ್ನ.

ನಾಡಿಗೆ ದ್ರಾಕ್ಷಿ ಹೊಸದೇನಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಅಲ್ಲಿನ ಪೇಟೆಯಲ್ಲಿ ದ್ರಾಕ್ಷಿ, ದಾಳಿಂಬೆ ಹೇರಳವಾಗಿ ಮಾರಾಟವಾಗುತ್ತಿದ್ದುದನ್ನು ದಾಖಲಿಸಿದ್ದಾನೆ.

ನಂದಿ ಸೀಮೆ

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಹಾಗೂ ಕೋಲಾರ ಜಿಲ್ಲೆಗಳ ಗುರುತು ‘ಬೆಂಗಳೂರು ಬ್ಲೂ’. ಬೀಜವುಳ್ಳ, ದಪ್ಪ ಸಿಪ್ಪೆಯ ಈ ನೀಲಿ ದ್ರಾಕ್ಷಿ ವರ್ಷಕ್ಕೆ ಎರಡು ಫಸಲು ನೀಡಬಲ್ಲದು. ತಿನ್ನಲು, ಹಣ್ಣಿನ ರಸಕ್ಕೆ ಹಾಗೂ ಸಿಹಿ ವೈನಿಗೆ ಬಳಕೆಯಾಗುವ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ನಂದಿ ಬೆಟ್ಟದ ತಪ್ಪಲಿನಲ್ಲಿ 1988ರಲ್ಲಿ ಸ್ಥಾಪನೆಯಾದ ಗ್ರೋವರ್ ಸಂಸ್ಥೆಯು ಫ್ರಾನ್ಸ್ ಮೂಲದ ವೈನ್ ತಳಿಗಳನ್ನು ಬೆಳೆಸಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಇಲ್ಲಿನ ತಂಪು ರಾತ್ರಿಗಳು ಹಣ್ಣಿನ ಹುಳಿಯನ್ನು ಉಳಿಸುತ್ತವೆ. ವೈನಿಗೆ ಇದು ಅಗತ್ಯ.

ಕೃಷ್ಣಾ ಸೀಮೆ

ವಿಜಯಪುರ, ಬಾಗಲಕೋಟೆ ಹಾಗೂ ಬೆಳಗಾವಿ ಜಿಲ್ಲೆಯ ಅಥಣಿ ಭಾಗದಲ್ಲಿ ಬೀಜರಹಿತ ಥಾಮ್ಸನ್ ಮತ್ತು ಅದರಿಂದ ಬಂದ ತಳಿಗಳದ್ದೇ ಮೇಲುಗೈ. ಚಳಿ ದೇಶಗಳಲ್ಲಿ ಹಿಮಗಾಲದಲ್ಲಿ ಬಳ್ಳಿ ತಾನಾಗಿ ವಿರಮಿಸುತ್ತದೆ. ಇಲ್ಲಿ ಆ ಕೆಲಸವನ್ನು ಚಾಟನಿ ಮಾಡುತ್ತದೆ. ಏಪ್ರಿಲ್ ಚಾಟನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟನಿ ಹಣ್ಣಿಗಾಗಿ. ಫೆಬ್ರುವರಿಯಿಂದ ಕೊಯ್ಲು ಆರಂಭವಾಗುತ್ತದೆ. ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಒಣದ್ರಾಕ್ಷಿ ಸಿಗುತ್ತದೆ. ಚಾಟನಿಯ ಬಳಿಕ ಮಳೆ ಸುರಿದರೆ ಬೂಜುತುಪ್ಪಟ ರೋಗ, ಒಣಗಿಸುವಾಗ ಸುರಿದರೆ ಸಿದ್ಧ ಮಾಲಿಗೇ ಹಾನಿ. ಬರ ಬಂದರೆ ಟ್ಯಾಂಕರ್ ನೀರೇ ಗತಿ.

ಅದೇ ಕೃಷ್ಣೆಯ ಮಗ್ಗುಲಿನ ರಾಯಚೂರಿನ ಕಥೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ ಭಾಗವನ್ನೂ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗವನ್ನೂ ತಲುಪಿದ ಮೇಲೆ ಭತ್ತ ವಿಸ್ತರಿಸಿತು. ನೀರು ನಿಲ್ಲುವ ಎರೆ ಭೂಮಿ ದ್ರಾಕ್ಷಿ ಬೇರಿಗೆ ಒಗ್ಗದು. ಬಸಿಗಾಲುವೆ, ಹನಿ ನೀರಾವರಿ ಇಲ್ಲದೆ ಅಲ್ಲಿ ತೋಟ ಕಷ್ಟ. ನೆರೆಯ ಕೊಪ್ಪಳ ಜಿಲ್ಲೆಯ ಗುಡ್ಡಗಳಲ್ಲಿ ‘ಹಂಪಿ ಹಿಲ್ಸ್’ ಹೆಸರಿನಲ್ಲಿ ವೈನ್ ದ್ರಾಕ್ಷಿ ಬೆಳೆಯುತ್ತಿರುವುದು ಗಮನಾರ್ಹ.

ಯಾರಿಗೆ ಲಾಭ?

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಪ್ರಕಟಿಸಿತು. ವೈನ್ ಮಂಡಳಿಯೂ ರಚನೆಯಾಯಿತು. ಆದರೂ ವೈನಿಗೆ ಹೋಗುವುದು ಒಟ್ಟು ಫಸಲಿನ ಸಣ್ಣ ಪಾಲು ಮಾತ್ರ. ಥಾಮ್ಸನ್ ಬೆಳೆದವರಿಗೆ ಹಸಿ ಹಣ್ಣಿನ ಬೆಲೆ ಕುಸಿದರೆ ಒಣಗಿಸುವ ದಾರಿಯಿದೆ. ಕ್ಯಾಬರ್ನೆ ಸೋವಿನ್ಯಾನ್, ಶಿರಾಜ್‌ನಂತಹ ತಳಿಗಳ ಕಾಯಿ ಸಣ್ಣದು, ಬೀಜವೂ ಇದೆ; ಹಣ್ಣಿನಂಗಡಿಯಲ್ಲಿ ಅದನ್ನು ಕೇಳುವವರಿಲ್ಲ. ವೈನರಿ ಕೈಬಿಟ್ಟರೆ ಫಸಲು ತೋಟದಲ್ಲೇ ಉಳಿಯುತ್ತದೆ. ಹತ್ತಾರು ವರ್ಷ ನಿಲ್ಲುವ ಬಳ್ಳಿಯನ್ನು ಒಂದೆರಡು ವರ್ಷಗಳ ಖರೀದಿ ಭರವಸೆಯ ಮೇಲೆ ನೆಡಲು ರೈತರು ಹಿಂಜರಿಯುವುದು ಸಹಜ.

ಒಣದ್ರಾಕ್ಷಿಗೂ ತೊಡಕುಗಳಿಲ್ಲದಿಲ್ಲ. ಇದರ ಹೆಸರಾಂತ ಮಾರುಕಟ್ಟೆಗಳಾದ ಸಾಂಗ್ಲಿ, ತಾಸಗಾಂವ ಇರುವುದು ಮಹಾರಾಷ್ಟ್ರದಲ್ಲಿ. ದೀರ್ಘಾವಧಿ ಖರೀದಿ ಒಪ್ಪಂದ ಹಾಗೂ ಬೆಳೆಯುವ ಊರಿಗೆ ಹತ್ತಿರದ ಶೀತಲಗೃಹ, ಇವೆರಡು ದೊರೆತಾಗಲೇ ದ್ರಾಕ್ಷಿ ಸೀಮೆಗಳ ಹೆಸರಿನ ಫಲ ಬೆಳೆಗಾರನಿಗೂ ದಕ್ಕೀತು.