ಉನ್ಹೇರೆಯಿಂದ ಬೆಂದ್ರುತೀರ್ಥದವರೆಗೆ: ಭೂಗರ್ಭದ ತಾಪ ಮತ್ತು ವಿದ್ಯುಚ್ಛಕ್ತಿ

ಭೂಶಾಸ್ತ್ರಜ್ಞರು ನಕ್ಷೆ ಬರೆಯುವುದಕ್ಕೆ ಬಹುಕಾಲ ಮೊದಲೇ ಜನರು ಊರುಗಳಿಗೆ ಹೆಸರಿಟ್ಟು ನೆಲದ ಗುಣವನ್ನು ದಾಖಲಿಸಿದ್ದರು. ಕೊಂಕಣದ ನಕ್ಷೆಯನ್ನು ನೋಡಿದರೆ ಪಾಲಿಯ ಬಳಿ ಉನ್ಹೇರೆ, ರತ್ನಾಗಿರಿ ಜಿಲ್ಲೆಯಲ್ಲಿ ಉನ್ಹವರೆ, ರಾಜಾಪುರದ ಸಮೀಪ ಉನ್ಹಾಳೆ ಎಂಬ ಊರುಗಳು ಸಿಗುತ್ತವೆ. ಮೂರರಲ್ಲಿಯೂ ಬಿಸಿನೀರಿನ ಬುಗ್ಗೆಗಳಿವೆ. ಸಂಸ್ಕೃತದ ‘ಉಷ್ಣ’ ಪ್ರಾಕೃತದಲ್ಲಿ ‘ಉಣ್ಹ’ವಾಗಿ, ಮರಾಠಿಯಲ್ಲಿ ‘ಉನ್ಹ’ವಾಗಿ ಉಳಿದ ಕುರುಹು ಇದು. ಇದೇ ಕರಾವಳಿಯನ್ನು ಹಿಡಿದು ತೆಂಕಣಕ್ಕೆ ಬಂದರೆ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರುತೀರ್ಥವಿದೆ. ತುಳುವಿನಲ್ಲಿ ‘ಬೆಂದ್ರ್’ ಎಂದರೆ ಬಿಸಿನೀರು. ನಮ್ಮ ‘ಬೇಯು’, ‘ಬೆಂದ’ ಎಂಬ ರೂಪಗಳೊಡನೆ ಅದರ ನಂಟು ಸ್ಪಷ್ಟವಾಗಿದೆ.

ಮುಂಬಯಿಯ ಕನ್ನಡಿಗರಿಗೆ ಈ ಬುಗ್ಗೆಗಳಲ್ಲಿ ಚಿರಪರಿಚಿತವಾದವು ಠಾಣೆ ಜಿಲ್ಲೆಯ ತಾನ್ಸಾ ನದಿಯ ದಡದಲ್ಲಿರುವ ವಜ್ರೇಶ್ವರಿ, ಅಕಲೋಲಿ ಮತ್ತು ಗಣೇಶಪುರಿಯ ಕುಂಡಗಳು. ೧೭೩೯ರಲ್ಲಿ ಚಿಮಾಜಿ ಅಪ್ಪಾ ಪೋರ್ತುಗೀಜರಿಂದ ವಸಯಿ ಕೋಟೆಯನ್ನು ಗೆದ್ದ ಮೇಲೆ, ಹರಕೆಯಂತೆ ವಜ್ರೇಶ್ವರಿಯ ದೇವಾಲಯ ಕಟ್ಟಲ್ಪಟ್ಟಿತೆಂದು ಪ್ರತೀತಿ. ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಕಾಂಞಂಗಾಡಿನಲ್ಲಿ ಆಶ್ರಮವನ್ನು ನಿರ್ಮಿಸಿದ ಸ್ವಾಮಿ ನಿತ್ಯಾನಂದರು ೧೯೩೦ರ ದಶಕದಲ್ಲಿ ಗಣೇಶಪುರಿಗೆ ಬಂದು ನೆಲೆಸಿ, ೧೯೬೧ರಲ್ಲಿ ಅಲ್ಲಿಯೇ ಸಮಾಧಿಸ್ಥರಾದರು. ಅಂದಿನಿಂದ ವಿಲೆ ಪಾರ್ಲೆ, ಅಂಧೇರಿಗಳಲ್ಲಿ ನೆಲೆಸಿದ ಕರಾವಳಿಯವರಿಗೆ ಆ ಕ್ಷೇತ್ರವು ಊರಿನ ಕಡೆಯ ಒಂದು ತುಣುಕಿನಂತೆಯೇ ಇದೆ. ಅದೇ ತಾನ್ಸಾ ನದಿಗೆ ಮೇಲ್ಭಾಗದಲ್ಲಿ ೧೮೯೨ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ನೀರು ಮುಂಬಯಿಯ ನಲ್ಲಿಗಳಿಗೆ ಬರುತ್ತದೆ. ಹೀಗೆ ಆ ನದಿಯ ತಣ್ಣೀರನ್ನು ನಗರವು ನೂರಕ್ಕೂ ಹೆಚ್ಚು ವರ್ಷಗಳಿಂದ ಪಡೆಯುತ್ತ ಬಂದಿದೆ. ದಡದ ಬಿಸಿನೀರಿನಿಂದ ದೀಪವನ್ನು ಹೊತ್ತಿಸಬಹುದೇ ಎಂಬುದು ಪ್ರಕೃತ ಲೇಖನದ ವಿಚಾರ.

ಈ ವಿದ್ಯೆಯ ಜನ್ಮಸ್ಥಾನ ಇಟಲಿಯ ತಸ್ಕನಿ. ಅಲ್ಲಿ ಫ್ರೆಂಚ್ ಮೂಲದ ಲಾರ್ದೆರೆಲ್ ಎಂಬಾತನು ೧೮೧೮ರಿಂದ ಬಿಸಿನೀರಿನ ಮಡುಗಳಿಂದ ಬೋರಿಕ್ ಆಮ್ಲವನ್ನು ತೆಗೆಯುತ್ತಿದ್ದನು. ನೀರನ್ನು ಬತ್ತಿಸಲು ಸುತ್ತಲಿನ ಕಾಡನ್ನೆಲ್ಲ ಸುಡಬೇಕಾಗುತ್ತಿತ್ತು. ೧೮೨೭ರಲ್ಲಿ ಕಟ್ಟಿಗೆಯನ್ನು ಬಿಟ್ಟು ನೆಲದ ಉಗಿಯನ್ನೇ ಆ ಕೆಲಸಕ್ಕೆ ಬಳಸಲಾಯಿತು. ಆತನ ಹೆಸರನ್ನೇ ಪಡೆದ ಲಾರ್ದೆರೆಲ್ಲೊ ಎಂಬ ಊರಿನಲ್ಲಿ ೧೯೦೪ರ ಜುಲೈ ೪ರಂದು ರಾಜಕುಮಾರ ಪಿಯೆರೊ ಜಿನೋರಿ ಕೊಂತಿ ಭೂಗರ್ಭದ ಉಗಿಯಿಂದ ಐದು ದೀಪಗಳನ್ನು ಬೆಳಗಿಸಿದನು. ೧೯೧೩ರಲ್ಲಿ ಅಲ್ಲಿ ೨೫೦ ಕಿಲೋವಾಟ್ ಸಾಮರ್ಥ್ಯದ ವಿದ್ಯುದಾಗಾರವು ಕೆಲಸ ಆರಂಭಿಸಿತು.

ಅದೇ ಕಾಲದಲ್ಲಿ ನಮ್ಮವರ ದೃಷ್ಟಿ ಮೇಲಿನಿಂದ ಬೀಳುವ ನೀರಿನ ಮೇಲಿದ್ದಿತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ೧೯೧೫ರಲ್ಲಿ ಟಾಟಾ ಸಂಸ್ಥೆಯ ಖೋಪೋಲಿಯ ವಿದ್ಯುತ್ತು ಮುಂಬಯಿಗೆ ಹರಿಯಿತು. ಕೋಲಾರದ ಪ್ರಸಂಗದಲ್ಲಿ ಒಂದು ವೈಚಿತ್ರ್ಯವಿದೆ. ಸುಮಾರು ಮೂರು ಕಿಲೋಮೀಟರ್ ಆಳದ ಆ ಗಣಿಗಳ ಬಂಡೆಯ ತಾಪವು ೬೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಇಟಲಿಯವರು ನೆಲದ ಬಿಸಿಯಿಂದ ವಿದ್ಯುತ್ತನ್ನು ಪಡೆಯುತ್ತಿದ್ದರೆ, ಕನ್ನಡನಾಡಿನಲ್ಲಿ ನೆಲದ ಬಿಸಿಯನ್ನು ಹೊರದೂಡಿ ಕೆಲಸಗಾರರಿಗೆ ತಂಪುಗಾಳಿಯನ್ನು ಒದಗಿಸಲು ವಿದ್ಯುತ್ತನ್ನು ವ್ಯಯಿಸಬೇಕಾಗಿತ್ತು. ೨೦೦೧ರಲ್ಲಿ ಗಣಿಗಳು ಮುಚ್ಚಿದುವು.

ಹಾಗಾದರೆ ನಮ್ಮ ನೆಲದ ತಾಪವು ಏತಕ್ಕೆ ಕಡಮೆ? ಇಟಲಿ, ಐಸ್‌ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಕರಗಿದ ಅಥವಾ ಇನ್ನೂ ಆರದ ಶಿಲೆಯು ಹೆಚ್ಚು ಆಳದಲ್ಲಿಲ್ಲ. ದಖ್ಖಣದ ಲಾವಾಶಿಲೆಯಾದರೋ ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದಿನದು. ಅದರ ಬಿಸಿ ಎಂದೋ ಆರಿಹೋಗಿದೆ. ಕೊಂಕಣದಲ್ಲಿ ಮಳೆಯ ನೀರು ಬಿರುಕುಗಳ ಮೂಲಕ ಆಳಕ್ಕಿಳಿದು, ಅಲ್ಲಿ ಕಾದು, ಇನ್ನೊಂದು ಬಿರುಕಿನ ಮೂಲಕ ಮೇಲೇರುತ್ತದೆ. ಗಣೇಶಪುರಿಯ ಕುಂಡಗಳ ನೀರು ೫೦ ಡಿಗ್ರಿಯ ಆಸುಪಾಸಿನಲ್ಲಿದ್ದರೆ ಉನ್ಹವರೆಯದು ೭೦ರ ಹತ್ತಿರವಿದೆ. ಬೆಂದ್ರುತೀರ್ಥವು ೪೦ ಡಿಗ್ರಿಯ ಸುಮಾರಿಗೆ ಬೆಚ್ಚಗಿದೆ, ಅಷ್ಟೆ.

ಇಲ್ಲಿ ಲೆಕ್ಕವನ್ನು ನೋಡಬೇಕು. ಉಷ್ಣವನ್ನು ಕೆಲಸವನ್ನಾಗಿ ಮಾರ್ಪಡಿಸುವ ಯಾವ ಯಂತ್ರಕ್ಕೂ ಪ್ರಕೃತಿಯೇ ಒಂದು ಮೇರೆಯನ್ನು ಹಾಕಿದೆ. ೬೦ ಡಿಗ್ರಿಯ ನೀರಿದ್ದು, ಸುತ್ತಲಿನ ಗಾಳಿ ೩೦ ಡಿಗ್ರಿಯಿದ್ದರೆ, ಆದರ್ಶಯಂತ್ರವೂ ನೂರಕ್ಕೆ ಒಂಬತ್ತು ಪಾಲನ್ನು ಮಾತ್ರ ಕೊಡಬಲ್ಲದು. ನಿಜವಾದ ಯಂತ್ರದಿಂದ ಅದರ ಅರ್ಧವೂ ದೊರೆಯುವುದು ಕಷ್ಟ. ಅದೇ ೧೫೦ ಡಿಗ್ರಿಯ ನೀರಾದರೆ ಆ ಮೇರೆ ೨೮ಕ್ಕೆ ಏರುತ್ತದೆ. ಆದುದರಿಂದ ಕೊಂಕಣದಲ್ಲಿ ವಿದ್ಯುತ್ತು ಬೇಕಿದ್ದರೆ ಆಳವಾದ ಕೊಳವೆಬಾವಿಗಳನ್ನು ಕೊರೆಯಬೇಕು. ಕೊರೆತದ ಹಣವನ್ನೆಲ್ಲ ಫಲ ಕಾಣುವ ಮೊದಲೇ ಸುರಿಯಬೇಕು. ಯಾವ ಸಾಲಗಾರನೂ ಅಡವಾಗಿ ಇಡಲಾಗದ ವಸ್ತು ಕಾಣದ ಬಿಸಿ. ಈ ವಿದ್ಯೆ ನಿಧಾನವಾಗಿ ಹರಡಿದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಭಾರತದಲ್ಲಿ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ೧೮೮೨ರಲ್ಲಿಯೇ ಥಾಮಸ್ ಓಲ್ಡ್‌ಹ್ಯಾಮ್ ಸಿದ್ಧಪಡಿಸಿದ್ದ ಬಿಸಿನೀರಿನ ಬುಗ್ಗೆಗಳ ಪಟ್ಟಿಯನ್ನು ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಪ್ರಕಟಿಸಿತು. ಅದರಲ್ಲಿ ಸುಮಾರು ಮುನ್ನೂರು ಬುಗ್ಗೆಗಳಿದ್ದುವು. ೧೯೭೦ರ ದಶಕದಲ್ಲಿ ಲಡಾಖಿನ ಪುಗಾ ಕಣಿವೆಯಲ್ಲಿ ಕೊರೆತ ನಡೆಯಿತು. ಹಿಮಾಚಲದ ಮಣಿಕರಣದಲ್ಲಿ ೫ ಕಿಲೋವಾಟಿನ ಪ್ರಾಯೋಗಿಕ ಯಂತ್ರವನ್ನು ನಡೆಸಿ ತೋರಿಸಿದುದರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಪಾತ್ರವಿದ್ದುದು ಕನ್ನಡಿಗರಿಗೆ ಸಂತೋಷದ ಸಂಗತಿ. ವಿಲೆ ಪಾರ್ಲೆಗೆ ಅನತಿದೂರದ ಪವಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಡಿ. ಚಂದ್ರಶೇಖರಂ ಅವರು ಈ ವಿಷಯದಲ್ಲಿ ಬಹುಕಾಲ ದುಡಿದಿದ್ದಾರೆ. ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿ ಕಲ್ಲಿದ್ದಲು ಸಂಸ್ಥೆ ೨೦ ಕಿಲೋವಾಟಿನ ಸ್ಥಾವರವನ್ನು ಸ್ಥಾಪಿಸಿದೆ. ೨೦೨೫ರಲ್ಲಿ ಕೇಂದ್ರ ಸರಕಾರವು ಭೂತಾಪ ಶಕ್ತಿಯ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದ ಮೇಲೆ ಚರ್ಚೆಗೆ ಹೊಸ ಜೀವ ಬಂದಿದೆ.

ಆದರೆ ಉತ್ಸಾಹದಲ್ಲಿ ಒಂದು ಪಾಠವನ್ನು ಮರೆಯಬಾರದು. ೧೯೫೮ರಲ್ಲಿ ನ್ಯೂಜಿಲೆಂಡಿನ ವೈರಾಕೇಯಲ್ಲಿ ದೊಡ್ಡ ಸ್ಥಾವರ ಆರಂಭವಾಯಿತು. ಹೊಗೆಯಿಲ್ಲದ ಶಕ್ತಿಯೇನೋ ದೊರೆಯಿತು. ಆದರೆ ಆಳದ ನೀರನ್ನು ಮರಳಿ ನೆಲಕ್ಕೆ ತುಂಬದೆ ತೆಗೆಯುತ್ತ ಹೋದುದರಿಂದ ಸಮೀಪದ ಕಣಿವೆಯ ಚಿಮ್ಮುಬುಗ್ಗೆಗಳು ನಿಂತುಹೋದುವು. ಒಂದೆಡೆ ನೆಲವು ಹತ್ತು ಮೀಟರಿಗೂ ಮಿಕ್ಕು ಕುಸಿಯಿತು. ಬಳಸಿದ ನೀರನ್ನು ಹಿಂದಿರುಗಿಸುವ ಪದ್ಧತಿ ಆಮೇಲೆ ರೂಢಿಗೆ ಬಂದಿತು. ಗಣೇಶಪುರಿಯ ಕುಂಡವೊಂದು ಬತ್ತಿದರೆ ಅದನ್ನು ಯಾವ ಪರಿಹಾರಧನವೂ ಮತ್ತೆ ತುಂಬಲಾರದು. ಸಂಧಿವಾತದ ಮುದುಕನಿಗೂ ಹರಕೆ ಹೊತ್ತ ತಾಯಿಗೂ ಅದು ಸೇರಿದ್ದು. ಕಾಗದದ ಮೇಲೆ ಅವರಿಗೆ ಯಾವ ಹಕ್ಕೂ ಇಲ್ಲವೆಂಬುದರಿಂದಲೇ ಯೋಜಕರು ಹೆಚ್ಚು ಜಾಗರೂಕರಾಗಿರಬೇಕು.

ಸರ್ವತ್ರ ವಿದ್ಯುತ್ತೇ ಗುರಿಯಾಗಬೇಕಾಗಿಯೂ ಇಲ್ಲ. ರೇಕ್ಯಾವಿಕ್ ನಗರದ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಬುಗ್ಗೆಯ ಬಳಿಯಿಂದಲೇ ೧೯೩೦ರಲ್ಲಿ ಕೊಳವೆಯ ಮೂಲಕ ಬಿಸಿನೀರನ್ನು ತಂದು ಶಾಲೆ, ಆಸ್ಪತ್ರೆ, ಮನೆಗಳನ್ನು ಬೆಚ್ಚಗಾಗಿಸಿದರು. ಕೊಂಕಣಕ್ಕೆ ಬೆಚ್ಚನೆಯ ಮನೆ ಬೇಡ. ಆದರೆ ಗೇರುಬೀಜ, ಮೀನು, ಕೋಕಂ ಸಿಪ್ಪೆಗಳನ್ನು ಮಳೆಗಾಲದಲ್ಲಿ ಒಣಗಿಸಲು ೬೦–೭೦ ಡಿಗ್ರಿಯ ನೀರಿನ ಶಾಖ ಸಾಕು. ಅಲ್ಲಿ ಉಷ್ಣವನ್ನು ಉಷ್ಣವಾಗಿಯೇ ಬಳಸುವುದರಿಂದ ಮೇಲೆ ಹೇಳಿದ ನಷ್ಟದ ಪ್ರಶ್ನೆಯೂ ಏಳುವುದಿಲ್ಲ. ತಸ್ಕನಿಯಲ್ಲಿಯೂ ಉಗಿಯು ಮೊದಲು ಉಳಿಸಿದ್ದು ಕಾಡಿನ ಕಟ್ಟಿಗೆಯನ್ನು. ದೀಪ ಹೊತ್ತಿದ್ದು ಎಪ್ಪತ್ತೇಳು ವರ್ಷಗಳ ತರುವಾಯ. ಕೊಂಕಣವೂ ಆ ಕ್ರಮವನ್ನೇ ಅನುಸರಿಸುವುದು ಲೇಸು.