ಶಾಲೆಯಲ್ಲಿ ದಮ್ಮು: ಮಗುವಿಗೆ ಧೈರ್ಯ ತುಂಬುವುದು ಹೇಗೆ?

ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ಸೋಯಾ, ತೊಗರಿ ರಾಶಿ ಶುರುವಾದರೆ ಊರೆಲ್ಲ ಧೂಳು, ಜೊತೆಗೆ ಚಳಿ. ಅಸ್ತಮಾ ಇರುವ ಮಕ್ಕಳಿಗೆ ಇವು ಕಷ್ಟದ ದಿನಗಳು.

ಅಸ್ತಮಾವನ್ನು ಕನ್ನಡದಲ್ಲಿ ಉಬ್ಬಸ, ದಮ್ಮು ಎಂದೂ ಮರಾಠಿಯಲ್ಲಿ ದಮಾ ಎಂದೂ ಕರೆಯುತ್ತಾರೆ. ಶ್ವಾಸನಾಳ ಬಾತು, ಬಿಗಿದು, ಕಫ ಕಟ್ಟಿ ಗಾಳಿಯ ದಾರಿ ಕಿರಿದಾಗುತ್ತದೆ. ಧೂಳು, ಹೊಗೆ, ನೆಗಡಿ, ಓಟ ಇದನ್ನು ಕೆರಳಿಸುತ್ತವೆ. ಇದು ಅಂಟುರೋಗವಲ್ಲ.

ಹೇಳುವ ಮಾತು ಕಲಿಸಿ

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ಮಗು ಉಸಿರು ಕಟ್ಟಿದಾಗ ಮಾತು ಹುಡುಕುತ್ತ ನಿಲ್ಲಬಾರದು. 'ದಮ ಲಾಗತೋಯ್' ಎಂದರೆ ಓಡಿ ದಣಿದಿದೆ ಎಂದು ಗುರುಗಳು ತಿಳಿಯಬಹುದು. 'ಸರ್, ಪಂಪ್ ಪಾಹಿಜೆ' ಎಂಬ ಚಿಕ್ಕ ಮಾತು ಸಾಕು. ಮಾತೂ ಬಾರದಿದ್ದರೆ ಎದೆ ಮುಟ್ಟಿ ತೋರಿಸುವ ಸನ್ನೆಯನ್ನು ಗುರುಗಳಿಗೆ, ಪಕ್ಕದಲ್ಲಿ ಕೂಡುವ ಗೆಳೆಯನಿಗೆ ಮೊದಲೇ ತಿಳಿಸಿಡಿ.

ಪಂಪು ಚೀಲದಲ್ಲಿರಲಿ

ದಿನನಿತ್ಯ ತೆಗೆದುಕೊಳ್ಳುವ ತಡೆಯುವ ಔಷಧ ಮನೆಯಲ್ಲಿರಲಿ. ತಕ್ಷಣ ಉಸಿರು ಸಡಿಲಿಸುವ ಪಂಪು (ಸಾಮಾನ್ಯವಾಗಿ ಸಾಲ್ಬುಟಮಾಲ್) ಮಗುವಿನ ಚೀಲದಲ್ಲೇ ಇರಬೇಕು, ಬೀಗ ಹಾಕಿದ ಕಪಾಟಿನಲ್ಲಲ್ಲ. ಪಂಪು ಚಟವಾಗುತ್ತದೆ ಎಂಬುದು ತಪ್ಪು ಕಲ್ಪನೆ. ಆದರೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ ರೋಗ ಹತೋಟಿಯಲ್ಲಿಲ್ಲ ಎಂದರ್ಥ, ವೈದ್ಯರನ್ನು ಕಾಣಿರಿ.

ಪಂಪನ್ನು ಅಲುಗಾಡಿಸಿ, ಸ್ಪೇಸರಿಗೆ ಹಚ್ಚಿ, ಒಂದು ಸಲ ಒತ್ತಿ, ನಾಲ್ಕಾರು ಬಾರಿ ನಿಧಾನವಾಗಿ ಉಸಿರಾಡಬೇಕು. ಎಷ್ಟು ಸಲ ಒತ್ತಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಸ್ಪೇಸರ್ ಇಲ್ಲದಿದ್ದರೆ 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಪಂಪಿನ ಬಾಯಿ ಬಿಗಿಯಾಗಿ ಕೂಡುವಷ್ಟು ತೂತು ಮಾಡಿ ಬಳಸಬಹುದು. ಇಂಥ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಎಂದು ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲಿ ತೋರಿಸಿದರು. ಶಾಲೆಗೆ ಒಯ್ಯುವ ಮೊದಲು ಮಗು ಮನೆಯಲ್ಲಿ ತಾನೇ ಮಾಡಿ ರೂಢಿಯಾಗಲಿ. ಧೈರ್ಯ ಬರುವುದು ಆಗಲೇ.

ಗುರುಗಳಿಗೆ ಒಂದು ಚೀಟಿ

ಔಷಧದ ಹೆಸರು, ಪ್ರಮಾಣ, ಪಾಲಕರ ಮೊಬೈಲ್ ಸಂಖ್ಯೆಯನ್ನು ಮರಾಠಿಯಲ್ಲಿ ಬರೆದು ಕೊಡಿ. ಕಸ ಗುಡಿಸುವಾಗ, ಫಲಕ ಒರೆಸುವಾಗ ಮಗು ದೂರವಿರಲಿ. ಆಟ ಮಾತ್ರ ಬಿಡಿಸಬೇಡಿ. ರೋಗ ಹತೋಟಿಯಲ್ಲಿದ್ದರೆ ಎಲ್ಲರಂತೆ ಓಡಬಹುದು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ. ಆ ದಿನ ಮಗುವಿನ ತೊಂದರೆ ತಿಳಿಸಿ.

ತಡ ಮಾಡಬೇಡಿ

ಪೂರ್ತಿ ವಾಕ್ಯ ಆಡಲಾಗದಿದ್ದರೆ, ಪಕ್ಕೆಲುಬು ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಪಂಪಿನಿಂದಲೂ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ಗಡಿಯ ಎರಡೂ ಬದಿಗೆ ಇದೇ ಸಂಖ್ಯೆ. ಮಗುವನ್ನು ಮಲಗಿಸದೆ ನೇರವಾಗಿ ಕೂಡಿಸಿ, ಪಂಪು ಕೊಡುತ್ತಿರಿ, ಒಂಟಿಯಾಗಿ ಬಿಡಬೇಡಿ.